ಅಶ್ವಗಂಧದ ಬೇರು ವಾಪಸ್ ಬಂದದ್ದು ಮಣ್ಣಿನಿಂದ, ಬೆರಕೆಯಿಂದಲ್ಲ

ನಿಮ್ಮ ಅಶ್ವಗಂಧದ ಬೇರನ್ನು ಔಷಧ ತಯಾರಕರು ವಾಪಸ್ ಕಳಿಸಿದ್ದಾರೆ, ವರದಿಯಲ್ಲಿ ‘ಆಮ್ಲದಲ್ಲಿ ಕರಗದ ಬೂದಿ ಶೇ 2.6’ ಎಂದಿದೆ, ಏನನ್ನೂ ಬೆರೆಸದಿದ್ದರೂ ಹೀಗೇಕೆ ಎಂದು ಕೇಳಿದ್ದೀರಿ. ನೊಂದುಕೊಳ್ಳಬೇಡಿ. ಆ ಅಂಕಿ ನಿಮ್ಮ ಪ್ರಾಮಾಣಿಕತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ನನ್ನ ಮೊದಲ ಬೆಳೆಯೂ ಇದೇ ಕಾರಣಕ್ಕೆ ತಿರಸ್ಕೃತವಾಗಿತ್ತು.

ಪ್ರಯೋಗಾಲಯದಲ್ಲಿ ಬೇರಿನ ಪುಡಿಯನ್ನು ಮೂಸೆಯಲ್ಲಿಟ್ಟು, ಕರಿ ಉಳಿಯದ ಹಾಗೆ ಸುಡುತ್ತಾರೆ. ಉಳಿದದ್ದು ಒಟ್ಟು ಬೂದಿ. ಅದನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ ಸೋಸಿದಾಗ ಗಿಡದ ಲವಣಗಳು ಕರಗಿಹೋಗಿ, ಸೋಸುಕಾಗದದ ಮೇಲೆ ಮುಖ್ಯವಾಗಿ ಮರಳು ನಿಲ್ಲುತ್ತದೆ. ಭಾರತದ ಆಯುರ್ವೇದ ಫಾರ್ಮಕೋಪಿಯಾ, ಅಂದರೆ ಔಷಧಗಳ ಗುಣಮಟ್ಟದ ಅಧಿಕೃತ ಗ್ರಂಥದ ಪ್ರಕಾರ ಅಶ್ವಗಂಧದಲ್ಲಿ ಒಟ್ಟು ಬೂದಿ ಶೇ 7ನ್ನೂ ಕರಗದ ಬೂದಿ ಶೇ 1ನ್ನೂ ಮೀರಬಾರದು.

ಮಣ್ಣು ಅಡಗುವುದು ಬೇರಿನ ತಲೆಯಲ್ಲಿ, ಕಾಂಡ ಸೇರುವ ಕಡೆ. ಕಿತ್ತ ದಿನವೇ ಆ ತಲೆಯನ್ನು ಕತ್ತರಿಸಿ ತೆಗೆಯಿರಿ, ಕವಲುಗಳ ಸಂದನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ, ಹರಿಯುವ ನೀರಿನಲ್ಲಿ ಬೇಗ ತೊಳೆಯಿರಿ. ನೆನೆಹಾಕಬೇಡಿ, ಸತ್ವ ನೀರಿಗೆ ಹೋಗುತ್ತದೆ. ಒಣಗಿಸಲು ನೆಲ ಬೇಡವೇ ಬೇಡ; ತಾಡಪಾಲಿನ ಮೇಲೆ ತೆಳುವಾಗಿ ಹರಡಿ. ಮುರಿದರೆ ಟಕ್ಕೆಂದು ತುಂಡಾಗಬೇಕು. ಬಾಗಿದರೆ ತೇವ ಇನ್ನೂ ಇದೆ, ಮೂಟೆ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲೇ ನೋಡಬೇಕೆಂದರೆ ಒಂದು ಚಮಚ ಪುಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ, ಸ್ವಲ್ಪ ಹೊತ್ತು ಬಿಟ್ಟು ಮೇಲಿನದನ್ನು ಬಗ್ಗಿಸಿ. ತಳದಲ್ಲಿ ಉಳಿದದ್ದು ಬೆರಳಿಗೆ ಗರಗರ ಎಂದರೆ ಮಾಲು ಕಳಿಸಬೇಡಿ.

ಎಲೆ, ಕಾಂಡದ ಚೂರು ಸೇರದಂತೆಯೂ ನೋಡಿಕೊಳ್ಳಿ. ಬೇರಿಗೂ ಎಲೆಗೂ ಅಶ್ವಗಂಧದ ಮುಖ್ಯ ಸತ್ವಗಳಾದ ವಿಥನೋಲೈಡ್‌ಗಳ ಪ್ರಮಾಣವೇ ಬೇರೆ, ಅವುಗಳಲ್ಲೊಂದಾದ ವಿಥಾಫೆರಿನ್-ಎ ಎಲೆಯಲ್ಲಿ ಹೆಚ್ಚು. ಸೂಕ್ಷ್ಮದರ್ಶಕದಡಿ ಎಲೆಯ ರೋಮ ಕಂಡರೆ ಸಾಕು, ಗುಟ್ಟು ರಟ್ಟಾಗುತ್ತದೆ.

ಭಾರಲೋಹದ ವರದಿಯನ್ನೂ ಕೇಳಿ ಪಡೆಯಿರಿ. ದಶಲಕ್ಷ ಭಾಗದಲ್ಲಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಮಿತಿ. ಇದು ಮೀರಿದ್ದರೆ ತೊಳೆದು ಸರಿಪಡಿಸಲಾಗುವುದಿಲ್ಲ, ಹೊಲದ ಮಣ್ಣನ್ನೂ ನೀರನ್ನೂ ಪರೀಕ್ಷಿಸಬೇಕು.

ಮುಂದೆ ಬ್ರಾಹ್ಮಿ ಹಾಕುವ ಯೋಚನೆ ಇದೆ ಎಂದಿರಿ. ನಮ್ಮಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಎನ್ನುತ್ತಾರೆ, ಫಾರ್ಮಕೋಪಿಯಾದಲ್ಲಿ ಅದು ಮಂಡೂಕಪರ್ಣಿ. ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಖರೀದಿ ಪತ್ರದಲ್ಲಿ ಸಸ್ಯಶಾಸ್ತ್ರೀಯ ಹೆಸರನ್ನೇ ಬರೆಸಿಕೊಳ್ಳಿ.

ಈ ಸಲ ಮಾದರಿ ತೆಗೆಯುವಾಗ ಪ್ರತಿ ಮೂಟೆಯ ಮೇಲೆ, ನಡುವೆ, ತಳದಿಂದ ಹಿಡಿಹಿಡಿ ತೆಗೆದು ಬೆರೆಸಿ ಎರಡು ಪಾಲು ಮಾಡಿ. ಒಂದನ್ನು ಪರೀಕ್ಷೆಗೆ ಕೊಡಿ, ಇನ್ನೊಂದಕ್ಕೆ ನೀವೂ ಖರೀದಿದಾರರೂ ಸಹಿ ಹಾಕಿ ಮೊಹರು ಮಾಡಿ ನಿಮ್ಮ ಬಳಿ ಇಟ್ಟುಕೊಳ್ಳಿ.