ಪಟಿಕದ ಕೆಸರು ಗದ್ದೆಗೆ ಬೇಡ, ಹೊಂಡದ ಬಾಯಿಗೆ ಇರಲಿ

ಅಣ್ಣಾ, ಕುಡಿಯುವ ನೀರಿನ ಘಟಕದ ಒಣಗಿದ ಕೆಸರು ಪುಕ್ಕಟೆ ಸಿಗುತ್ತಿದೆ, ಗಂಗಾವತಿ ಹತ್ತಿರದ ನಿಮ್ಮ ಭತ್ತದ ಗದ್ದೆಗೆ ಎರಡು ಟ್ರ್ಯಾಕ್ಟರ್ ಹಾಕಲಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ನೋಡಲು ಕೆರೆ ಹೂಳಿನಂತೆಯೇ ಇರುತ್ತದೆ, ಗುಣ ಮಾತ್ರ ಬೇರೆ.

ಕದಡಿದ ನೀರು ತಿಳಿಯಾಗಲಿ ಎಂದು ಘಟಕದಲ್ಲಿ ಪಟಿಕ ಹಾಕುತ್ತಾರೆ. ಅದರ ಅಲ್ಯುಮಿನಿಯಂ ನೀರಿನಲ್ಲಿ ಅರಳೆಯಂಥ ಹೈಡ್ರಾಕ್ಸೈಡ್ ಆಗಿ, ಮಣ್ಣಿನ ಕಣಗಳನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಒಣಗಿದ ಮೇಲೂ ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಫಾಸ್ಫೇಟ್, ಅಂದರೆ ಗಿಡ ಹೀರುವ ರೂಪದ ರಂಜಕ, ಬಂದರೆ ಅಲ್ಯುಮಿನಿಯಂ ತನ್ನ ಮೇಲಿನ ಹೈಡ್ರಾಕ್ಸಿಲ್ ಬಿಟ್ಟು ಆ ಜಾಗದಲ್ಲಿ ಅದನ್ನು ಕೂರಿಸಿಕೊಳ್ಳುತ್ತದೆ. ಸುಮ್ನೆ ಮೇಲೆ ಅಂಟಿಕೊಳ್ಳುವುದಲ್ಲ, ನೀರು ಹಾಯಿಸಿ ತೊಳೆದರೂ ಸುಲಭಕ್ಕೆ ಬಿಡುವುದಿಲ್ಲ.

50 ಕೆಜಿ ಡಿಎಪಿ ಚೀಲದಲ್ಲಿ ಲೇಬಲ್ ಲೆಕ್ಕದ ರಂಜಕ (P2O5 ರೂಪದಲ್ಲಿ) 23 ಕೆಜಿ. ನಮ್ಮ ಎರೆ ಭೂಮಿಯ ಸುಣ್ಣವೇ ಅದರಲ್ಲಿ ಒಂದಷ್ಟನ್ನು ಕಟ್ಟಿಹಾಕುತ್ತದೆ. ಅದರ ಮೇಲೆ ಈ ಕೆಸರೂ ಸೇರಿದರೆ ಬೇರಿಗೆ ಉಳಿಯುವುದೇನು? ಸಿಂಧನೂರಿನ ನಮ್ಮ ಹೊಲದ ಒಂದು ಮೂಲೆಗೆ ನಾನು ಹೂಳು ಅಂತ ತಿಳಿದು ಒಂದು ಟ್ರೇಲರ್ ಹಾಕಿದ್ದೆ. ಅಲ್ಲಿ ಮಾತ್ರ ಜೋಳ ಮೊಣಕಾಲು ದಾಟಲಿಲ್ಲ, ಎಲೆಗೆ ನೇರಳೆ ಬಣ್ಣ ಬಂತು. ಕಣ್ಣಾರೆ ಕಂಡು ತುಂಬ ಬೇಜಾರಾಯಿತು.

ಆದರೆ ನಿಮ್ಮ ಕೃಷಿ ಹೊಂಡ ಹಸಿರುಗಟ್ಟಿದೆ ಅಂತಲೂ ಬರೆದಿದ್ದೀರಿ ಅಲ್ವಾ? ಕೆಸರಿನ ಇದೇ ಗುಣ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಗದ್ದೆಯಿಂದ ಬಸಿದ ರಂಜಕವೇ ಪಾಚಿಗೆ ಊಟ. ನೀರು ಹೊಂಡ ಸೇರುವ ಬಾಯಲ್ಲಿ ಕೆಸರನ್ನು ಕಡಲೆ ಗಾತ್ರಕ್ಕೆ ಪುಡಿ ಮಾಡಿ, ಗರಸಿನ ಜೊತೆ ಬೆರೆಸಿ ಹಾಸಿ. ತೀರಾ ಹಿಟ್ಟಾದರೆ ನೀರು ಕಟ್ಟಿಕೊಳ್ಳುತ್ತದೆ. ಅದಕ್ಕೂ ಮೊದಲು ಹೂಳು ಕೂರಲು ಒಂದು ಸಣ್ಣ ಗುಂಡಿ ಇರಲಿ. ನೀರು ನಿಧಾನವಾಗಿ ಹಾದಷ್ಟೂ ಜಾಸ್ತಿ ಹಿಡಿಯುತ್ತದೆ.

ಹೊಂಡದ ಒಳಗೇ ಸುರಿಯಬೇಡಿ. ಪಾಚಿ ದಟ್ಟವಾದ ನೀರಿನ ಪಿಹೆಚ್ ಮಧ್ಯಾಹ್ನದ ಬಿಸಿಲಿಗೆ 9 ದಾಟಬಹುದು, ಆಗ ಹಿಡಿದದ್ದು ಸಡಿಲವಾಗುತ್ತದೆ. ಘಟಕದಲ್ಲಿ ಪಟಿಕವೋ ಕಬ್ಬಿಣದ ಉಪ್ಪೋ ಅದನ್ನೂ ಕೇಳಿಕೊಳ್ಳಿ. ಗಾಳಿಯಾಡದ ರಾಡಿಯಲ್ಲಿ ಕಬ್ಬಿಣ ಹಿಡಿದ ರಂಜಕವನ್ನು ಬಿಟ್ಟುಬಿಡುತ್ತದೆ, ಅಲ್ಯುಮಿನಿಯಂ ಹಾಗಲ್ಲ. ಕಬ್ಬಿಣದ್ದಾದರೆ ಬೇಡವೇ ಬೇಡ.

ಮೊದಲು ಎರಡು ಬಕೆಟ್ ಬಸಿಗಾಲುವೆ ನೀರು ಹಿಡಿದು, ಒಂದಕ್ಕೆ ಎರಡು ಹಿಡಿ ಕೆಸರು ಹಾಕಿ ಕಲಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಕ್ವೇರಿಯಂಗೆ ಬಳಸುವ ಫಾಸ್ಫೇಟ್ ಕಿಟ್‌ನಲ್ಲಿ ಎರಡನ್ನೂ ನೋಡಿ. ವ್ಯತ್ಯಾಸ ಕಂಡರೆ ಕಾಲುವೆಯ ಅಗಲ ಎಷ್ಟು ಅಂತ ಇಲ್ಲೇ ಹಾಕಿ, ಎಷ್ಟು ಕೆಸರು ಬೇಕು ಅಂತ ಕೂಡಿ ಲೆಕ್ಕ ಹಾಕೋಣ.