ಇಬ್ಬರೂ ಬೈದರೆ ನಾವು ಸರಿ ಎಂದಲ್ಲ

ಓದುಗರ ಪತ್ರ: “ಶ್ರೀಲಂಕಾದ ಗೊಬ್ಬರ ನಿಷೇಧದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಸಾವಯವ ಕೃಷಿಗೆ ಮಸಿ ಬಳಿಯಲೆಂದೇ ಬರೆಸಿದ ಹಾಗಿದೆ. ಎರಡೂ ಕಡೆಗೆ ಸಮ ಜಾಗ ಕೊಡುವುದು ಪತ್ರಿಕೆಯ ಧರ್ಮ ಅಲ್ಲವೇ? ನಾನು ಜೀವನವಿಡೀ ವಿಜ್ಞಾನ ಕಲಿಸಿದವನು. ವಿಜ್ಞಾನಿ ಇದ್ದದ್ದನ್ನು ಇದ್ದ ಹಾಗೆ ನೋಡುತ್ತಾನೆ. ಪತ್ರಕರ್ತರಿಗೆ ಅದು ಯಾಕೆ ಆಗುವುದಿಲ್ಲ? ಲೇಖಕರಿಗೆ ಗೊಬ್ಬರ ಕಂಪನಿಯಿಂದ ಏನಾದರೂ ಬಂದಿದೆಯೇ?”
— ನಿವೃತ್ತ ಪ್ರೌಢಶಾಲಾ ಶಿಕ್ಷಕರು, ತಿಪಟೂರು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂದ ವಾರವೇ ಮಂಡ್ಯ ಕಡೆಯ ಭತ್ತದ ರೈತರೊಬ್ಬರ ಪತ್ರವೂ ಬಂತು. ಅದೇ ಲೇಖನದ ಬಗ್ಗೆ. “ಸಾವಯವದವರ ಮಾನ ಉಳಿಸಲು ಡಾಲರ್ ಕೊರತೆಯ ಕಥೆ ತಂದಿದ್ದೀರಿ, ಅವರ ಭಜನೆ ಬಿಡಿ” ಎಂದು ಅವರು ಬೈದಿದ್ದಾರೆ. ತಮಾಷೆ ಎಂದರೆ, ಇಬ್ಬರೂ ಒಂದೇ ಪ್ಯಾರಾದ ಮೇಲೆ ಸಿಟ್ಟಾಗಿದ್ದೀರಿ. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿತು, ಇಳುವರಿ ಬಿತ್ತು, ಅದೇ ವರ್ಷ ನಿಷೇಧ ಸಡಿಲಿಸಬೇಕಾಯಿತು ಎಂದು ಆ ಪ್ಯಾರಾದಲ್ಲಿದೆ. ವಿದೇಶಿ ವಿನಿಮಯದ ಬಿಕ್ಕಟ್ಟೂ ಇದರ ಹಿಂದೆ ಇತ್ತು, ಬೇಕಾದಷ್ಟು ಕಾಂಪೋಸ್ಟ್ ಒದಗಿಸದೆ ಮಾಡಿದ್ದರಿಂದ ಇದು ಸಾವಯವ ಕೃಷಿಯ ಪರೀಕ್ಷೆಯೇ ಅಲ್ಲ ಎಂದೂ ಇದೆ. ನಿಮಗೆ ಮೊದಲಿನ ಅರ್ಧ ಚುಚ್ಚಿತು. ಅವರಿಗೆ ಉಳಿದರ್ಧ.

ಇದು ನಮ್ಮ ಪತ್ರಿಕೆಗೆ ಮಾತ್ರ ಬಂದ ಪಾಡಲ್ಲ. 1982ರಲ್ಲಿ ಲೆಬನಾನಿನ ಬೈರೂತ್ ನಗರದ ಸಬ್ರಾ ಮತ್ತು ಶತೀಲಾ ಎಂಬ ಪ್ಯಾಲೆಸ್ಟೀನಿ ನಿರಾಶ್ರಿತರ ನೆಲೆಗಳಲ್ಲಿ ಹತ್ಯಾಕಾಂಡ ನಡೆಯಿತು. ಅದರ ಬಗ್ಗೆ ಅಮೆರಿಕದ ಟಿವಿಗಳಲ್ಲಿ ಬಂದ ಸುದ್ದಿ ತುಣುಕುಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೂವರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ತೋರಿಸಿದರು. ಇಸ್ರೇಲ್ ಪರ ಇದ್ದವರು, ಅರಬರ ಪರ ಇದ್ದವರು, ಎಲ್ಲರೂ ನೋಡಿದ್ದು ಅದೇ ತುಣುಕುಗಳನ್ನು. ಟಿವಿಯವರು ನಮ್ಮ ವಿರುದ್ಧ ಇದ್ದಾರೆ ಎಂದು ಎರಡೂ ಗುಂಪುಗಳು ಹೇಳಿದವು. ತಮ್ಮ ಕಡೆಯನ್ನು ಕೆಟ್ಟದಾಗಿ ತೋರಿಸಿದ ಜಾಗಗಳೇ ಇಬ್ಬರಿಗೂ ಜಾಸ್ತಿ ಕಂಡವು. ವಿಷಯ ಹೆಚ್ಚು ಗೊತ್ತಿದ್ದವರಿಗೆ ಪಕ್ಷಪಾತವೂ ಹೆಚ್ಚು ಕಂಡಿತು! ಈ ಅಧ್ಯಯನ ಪ್ರಕಟವಾಗಿದ್ದು 1985ರಲ್ಲಿ.

ಇದನ್ನು ಓದಿದ ಸಂಪಾದಕರಿಗೆ ಒಂದು ಚಟ ಹತ್ತಿಕೊಳ್ಳುತ್ತದೆ. “ಎರಡೂ ಕಡೆಯವರು ಬೈಯುತ್ತಿದ್ದಾರೆ, ಅಂದರೆ ನಾವು ಸರಿಯಾಗಿ ನಡುವೆ ಇದ್ದೇವೆ” ಎಂದು ಬೆನ್ನು ತಟ್ಟಿಕೊಳ್ಳುವ ಚಟ. ನನಗೆ ಈ ಮಾತು ಹಿಡಿಸುವುದಿಲ್ಲ. ಕೆಟ್ಟದಾಗಿ ಬರೆದ ಲೇಖನಕ್ಕೂ ಎರಡೂ ಕಡೆಯಿಂದ ಬೈಗುಳ ಬರುತ್ತದೆ. ಬೈಗುಳ ಎಣಿಸಿ ಲೇಖನದ ಗುಣ ಅಳೆಯಲು ಆಗುವುದಿಲ್ಲ. ಹಾಗಾಗಿ ಮಂಡ್ಯದವರ ಪತ್ರವನ್ನು ನಿಮ್ಮ ಪತ್ರಕ್ಕೆ ಉತ್ತರ ಎಂದು ನಾನು ಮುಂದಿಡುತ್ತಿಲ್ಲ.

ನಿಮ್ಮ ಇನ್ನೊಂದು ಮಾತಿಗೆ ಮಾತ್ರ ತಕರಾರು ಎತ್ತಲೇಬೇಕು. ವಿಜ್ಞಾನಿ ಇದ್ದದ್ದನ್ನು ಇದ್ದ ಹಾಗೆ ನೋಡುತ್ತಾನೆ ಎಂದಿರಿ. ಫ್ರಾನ್ಸಿನ ನಾನ್ಸಿ ಊರಿನ ರೆನೆ ಬ್ಲಾಂಡ್ಲೋ ಅವರ ಕಥೆ ನೀವೂ ಎಲ್ಲಾದರೂ ಓದಿರಬಹುದು. ಸುಮ್ನೆ ನೆನಪಿಸುತ್ತೇನೆ.

ಬ್ಲಾಂಡ್ಲೋ ಮೋಸಗಾರರಲ್ಲ. ವಿದ್ಯುತ್ತಿನ ವೇಗವನ್ನು ಜಾಣತನದಿಂದ ಅಳೆದು ಹೆಸರು ಮಾಡಿದ್ದ ಭೌತವಿಜ್ಞಾನಿ. 1895ರಲ್ಲಿ ಜರ್ಮನಿಯ ರಾಂಟ್ಜನ್ ಎಕ್ಸ್ ಕಿರಣ ಕಂಡುಹಿಡಿದ ಮೇಲೆ ಹೊಸ ಕಿರಣಗಳ ಹುಡುಕಾಟ ಎಲ್ಲ ಕಡೆ ಜೋರಾಗಿತ್ತು. 1903ರಲ್ಲಿ ಬ್ಲಾಂಡ್ಲೋ ತಮಗೂ ಒಂದು ಸಿಕ್ಕಿತು ಎಂದರು. ಊರಿನ ಹೆಸರಲ್ಲಿ ಅದು ಎನ್ ಕಿರಣವಾಯಿತು. ಪತ್ತೆ ಮಾಡುವ ಬಗೆ ಹೀಗೆ: ಕತ್ತಲೆ ಕೋಣೆಯಲ್ಲಿ ಕೂತು, ಮಿಣುಕು ಮಿಣುಕಾದ ಒಂದು ಬೆಳಕನ್ನು ನೋಡಬೇಕು. ಕಿರಣ ಬಿದ್ದಾಗ ಆ ಬೆಳಕು ಸ್ವಲ್ಪ ಜಾಸ್ತಿಯಾದಂತೆ ಕಾಣಬೇಕು. ಅಳೆಯುವ ಸಾಧನ ಕಣ್ಣು. ಕಿರಣ ಯಾವಾಗ ಬೀಳುತ್ತದೆ ಎಂದು ಕಣ್ಣಿನ ಒಡೆಯನಿಗೆ ಮೊದಲೇ ಗೊತ್ತು. ತೊಂದರೆ ಇದ್ದದ್ದು ಇಲ್ಲೇ.

ನೂರಕ್ಕೂ ಹೆಚ್ಚು ವಿಜ್ಞಾನಿಗಳು ಈ ಕಿರಣಗಳ ಬಗ್ಗೆ ಬರೆದರು. ಪ್ರಬಂಧಗಳ ಸಂಖ್ಯೆ 300ರ ಹತ್ತಿರ ಹೋಯಿತು. ಮನುಷ್ಯನ ನರ, ಸ್ನಾಯುಗಳಿಂದಲೂ ಎನ್ ಕಿರಣ ಬರುತ್ತದೆ ಎಂದು ಒಬ್ಬರು. ಲೋಹಕ್ಕೆ ಕ್ಲೋರೋಫಾರ್ಮ್ ಕೊಟ್ಟರೆ ಕಿರಣ ನಿಲ್ಲುತ್ತದೆ ಎಂದು ಇನ್ನೊಬ್ಬರು! ಇಂಗ್ಲೆಂಡ್, ಜರ್ಮನಿಯ ಘಟಾನುಘಟಿಗಳಿಗೆ ಮಾತ್ರ ಏನೂ ಕಾಣಲಿಲ್ಲ. 1870–71ರ ಯುದ್ಧದಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತ್ತು. ಗಡಿ ನಾನ್ಸಿಯ ಹತ್ತಿರಕ್ಕೇ ಬಂದಿತ್ತು. ಜರ್ಮನರಿಗೆ ಎಕ್ಸ್ ಕಿರಣ ಸಿಕ್ಕಿದ್ದರೆ ನಮಗೂ ಒಂದು ಇರಲಿ ಎಂಬ ಆಸೆ ಎಷ್ಟು ಕೆಲಸ ಮಾಡಿತೋ, ನೀವೇ ಊಹಿಸಿ. ಆದರೆ ಫ್ರಾನ್ಸಿನಲ್ಲೂ ಅನುಮಾನಪಟ್ಟವರು ಬೇಕಾದಷ್ಟು ಜನ ಇದ್ದರು. ಅದನ್ನೂ ಹೇಳಬೇಕು.

1904ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ನಾನ್ಸಿಗೆ ಹೋದರು. ಬ್ಲಾಂಡ್ಲೋ ಅಲ್ಯೂಮಿನಿಯಂ ಪ್ರಿಸಮ್ಮಿನಿಂದ ಕಿರಣಗಳನ್ನು ಬಿಡಿಸಿ, ಯಾವ ಕಿರಣ ಎಲ್ಲಿ ಬೀಳುತ್ತದೆ ಎಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ ಓದಿ ಹೇಳುತ್ತಿದ್ದರು. ಕತ್ತಲಲ್ಲಿ ವುಡ್ ಆ ಪ್ರಿಸಮ್ಮನ್ನು ಸದ್ದಿಲ್ಲದೆ ತೆಗೆದುಬಿಟ್ಟರು. ಅಳತೆಗಳು ಮೊದಲಿನಂತೆಯೇ ಬರುತ್ತಿದ್ದವು. ಅದೇ ತಿಂಗಳ ಕೊನೆಗೆ ‘ನೇಚರ್’ ಪತ್ರಿಕೆಯಲ್ಲಿ ವುಡ್ ಅವರ ಪತ್ರ ಬಂತು. ಅಲ್ಲಿಂದಾಚೆ ಫ್ರಾನ್ಸಿನ ಹೊರಗೆ ಎನ್ ಕಿರಣದ ಮಾತು ಮುಗಿದಂತೆಯೇ. ಬ್ಲಾಂಡ್ಲೋ ಮಾತ್ರ ನಂಬಿಕೆ ಬಿಡಲಿಲ್ಲ.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಬ್ಲಾಂಡ್ಲೋ ಅವರ ಪ್ರಾಮಾಣಿಕತೆ. ಅವರು ಕಂಡದ್ದನ್ನೇ ಬರೆದರು. ಕಾಣದ್ದನ್ನು ಕಂಡೆ ಎಂದು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಅವರಿಗೆ ಕಂಡಿತು. “ಮನಸ್ಸು ಶುದ್ಧವಾಗಿರಲಿ, ಆಗ ಸತ್ಯ ಕಾಣುತ್ತದೆ” ಎಂದು ಅವರಿಗೆ ಯಾರಾದರೂ ಉಪದೇಶ ಮಾಡಿದ್ದರೆ ಏನು ಬದಲಾಗುತ್ತಿತ್ತು? ಪ್ರಿಸಮ್ ಇದೆಯೋ ಇಲ್ಲವೋ ಗೊತ್ತಾಗದಂತೆ ಪ್ರಯೋಗ ಜೋಡಿಸಿದ್ದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು.

ವಿಜ್ಞಾನಿಗಳು ನಿಧಾನಕ್ಕೆ ಕಲಿತದ್ದೂ ಇದನ್ನೇ. ತಮ್ಮನ್ನು ತಾವೇ ನಂಬದಿರುವ ಏರ್ಪಾಡು. ಔಷಧಿ ಯಾರಿಗೆ, ಬರೀ ಸಕ್ಕರೆ ಗುಳಿಗೆ ಯಾರಿಗೆ ಎಂದು ಡಾಕ್ಟರಿಗೂ ರೋಗಿಗೂ ತಿಳಿಸದೆ ಪರೀಕ್ಷೆ ಮಾಡುವುದು ನಿಮಗೆ ಗೊತ್ತೇ ಇದೆ. ಗುರುತ್ವದ ಅಲೆ ಹುಡುಕುವ ಲೈಗೋ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2010ರ ಸೆಪ್ಟೆಂಬರ್‌ನಲ್ಲಿ ಅವರ ಯಂತ್ರಗಳಲ್ಲಿ ಜೋರಾದ ಸಂಕೇತವೊಂದು ಬಂತು. ನೂರಾರು ಜನ ತಿಂಗಳುಗಟ್ಟಲೆ ಲೆಕ್ಕ ಹಾಕಿ ಪ್ರಬಂಧವನ್ನೇ ಬರೆದಿಟ್ಟರು. 2011ರ ಮಾರ್ಚ್‌ನಲ್ಲಿ ಎಲ್ಲರೂ ಸೇರಿದಾಗ ಗುಟ್ಟಿನ ಲಕೋಟೆ ಒಡೆದರು. ಸಂಕೇತ ನಕಲಿ! ತಂಡವನ್ನು ಪರೀಕ್ಷಿಸಲು ಅವರಲ್ಲೇ ಕೆಲವರು ಸೇರಿಸಿಟ್ಟಿದ್ದರು. ಹೀಗೆ ಮಾಡಬಹುದು ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಯಾವಾಗ ಎಂದು ಗೊತ್ತಿರಲಿಲ್ಲ. 2015ರಲ್ಲಿ ನಿಜವಾದ ಅಲೆ ಬಂದಾಗ ಅವರಲ್ಲಿ ಹಲವರಿಗೆ ಮೊದಲು ಬಂದದ್ದು ಸಂತೋಷವಲ್ಲ, ಅನುಮಾನ.

ನಮ್ಮ ಕಸುಬಿನಲ್ಲಿ ಲಕೋಟೆ ಇಲ್ಲ. ನಾವು ಬಹಳ ಕಾಲ ನೆಚ್ಚಿಕೊಂಡದ್ದು ನೀವು ಹೇಳುವ ಸಮ ಜಾಗವನ್ನು. ಅದು ಹೇಗೆ ಕೈಕೊಡುತ್ತದೆ ಎನ್ನುವುದಕ್ಕೆ ಬ್ರಿಟನ್ನಿನ ಎಂಎಂಆರ್ ಲಸಿಕೆಯ (ದಡಾರ, ಮಂಗನಬಾವು, ರುಬೆಲ್ಲಾ ತಡೆಯಲು ಮಕ್ಕಳಿಗೆ ಹಾಕುವ ಲಸಿಕೆ) ಪ್ರಕರಣ ನೋಡಿ. 1998ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಡಾಕ್ಟರ್ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಪ್ರಬಂಧ ಬಂತು. ನೋಡಿದ್ದು 12 ಮಕ್ಕಳನ್ನು. ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂಬ ಸುಳಿವು. ಆಮೇಲೆ ಲಕ್ಷಾಂತರ ಮಕ್ಕಳನ್ನು ನೋಡಿದ ಅಧ್ಯಯನಗಳಲ್ಲಿ ಆ ನಂಟು ಕಾಣಲಿಲ್ಲ. ಆದರೂ ಸುದ್ದಿಮನೆಗಳಲ್ಲಿ ಇದು ವರ್ಷಗಟ್ಟಲೆ “ಎರಡು ಕಡೆ”ಯ ಚರ್ಚೆಯಾಗಿಯೇ ಉಳಿಯಿತು. ಎರಡು ಕುರ್ಚಿ ಹಾಕಿದರೆ ನೋಡುವವರಿಗೆ ವಿಜ್ಞಾನವೇ ಅರ್ಧಕ್ಕರ್ಧ ಒಡೆದಿದೆ ಅನ್ನಿಸುತ್ತದೆ ಅಲ್ವಾ? ಇಂಗ್ಲೆಂಡಿನಲ್ಲಿ 2003–04ರ ಹೊತ್ತಿಗೆ ಈ ಲಸಿಕೆ ಹಾಕಿಸಿಕೊಂಡ ಮಕ್ಕಳ ಪ್ರಮಾಣ ಶೇ. 80ರ ಆಸುಪಾಸಿಗೆ ಇಳಿದಿತ್ತು. 2010ರಲ್ಲಿ ‘ಲ್ಯಾನ್ಸೆಟ್’ ಪ್ರಬಂಧವನ್ನು ಹಿಂಪಡೆಯಿತು.

ಹಾಗಾಗಿ ಸಮ ಜಾಗದ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಶ್ರೀಲಂಕಾದಲ್ಲಿ ಇಳುವರಿ ಬಿದ್ದದ್ದಕ್ಕೆ ಎರಡು ಕಡೆ ಇಲ್ಲ. ಅದರಿಂದ ತಿಪಟೂರಿನ ತೆಂಗಿನ ತೋಟಕ್ಕೆ ಏನು ಪಾಠ ಎನ್ನುವುದಕ್ಕೆ ಇದೆ, ಬೇಕಾದರೆ ನಾಲ್ಕು ಕಡೆ ಇದೆ. ಅದರ ಬಗ್ಗೆ ನೀವೇ ಬರೆಯುವುದಾದರೆ ಎರಡು ಪುಟ ಕಾದಿಡುತ್ತೇನೆ. ಒಂದೇ ಷರತ್ತು. ಯಾವ ಅಂಕಿಅಂಶ ಸಿಕ್ಕರೆ ನಿಮ್ಮ ಅಭಿಪ್ರಾಯ ಬದಲಿಸುತ್ತೀರಿ ಎಂದು ಲೇಖನದ ಮೊದಲಿಗೇ ಬರೆಯಬೇಕು. ಮಂಡ್ಯದವರಿಗೂ ಇದೇ ಕೇಳಿದ್ದೇನೆ. ಅವರು ಒಪ್ಪಿದ್ದಾರೆ. ಇಬ್ಬರ ಕರಡನ್ನೂ ಅಚ್ಚಿಗೆ ಮೊದಲು ಇನ್ನೊಬ್ಬರಿಗೆ ತೋರಿಸುತ್ತೇವೆ.

ಇನ್ನು ದುಡ್ಡಿನ ಪ್ರಶ್ನೆ. ಕೇಳಿದ್ದು ಒಳ್ಳೆಯದಾಯಿತು. ವೇಕ್‌ಫೀಲ್ಡ್ ಪ್ರಕರಣದಲ್ಲೂ, ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲು ಹೊರಟಿದ್ದ ವಕೀಲರ ಕಡೆಯಿಂದ ಹಣ ಬಂದಿತ್ತು ಎಂಬುದು ಹೊರಬಿದ್ದದ್ದು 2004ರಲ್ಲಿ, ಒಬ್ಬ ಪತ್ರಕರ್ತ ಬೆನ್ನು ಹತ್ತಿದ ಮೇಲೆ. ನಮ್ಮ ಲೇಖಕರಿಗೆ ಯಾವ ಗೊಬ್ಬರ ಕಂಪನಿಯಿಂದಲೂ ಏನೂ ಬಂದಿಲ್ಲ. ಪ್ರಕಟಣೆಗೆ ಮೊದಲೇ ಬರೆಸಿಕೊಂಡಿದ್ದೇವೆ. ಆದರೆ ಪತ್ರಿಕೆಗೆ ಬರುತ್ತದೆ: ಹಿಂಬದಿಯ ರಕ್ಷಾಪುಟದಲ್ಲಿ ಒಂದು ಗೊಬ್ಬರ ಕಂಪನಿಯ ಜಾಹೀರಾತು ನೀವೂ ನೋಡಿರುತ್ತೀರಿ. ಒಳಪುಟದಲ್ಲಿ ಸಾವಯವ ಬೆಲ್ಲದವರ ಜಾಹೀರಾತೂ ಇದೆ. ಮುಂದಿನ ಸಂಚಿಕೆಯಿಂದ ಕೃಷಿ ಲೇಖನಗಳ ಕೆಳಗೆ ಈ ಎರಡನ್ನೂ ಒಂದು ಸಾಲಿನಲ್ಲಿ ತಿಳಿಸುತ್ತೇವೆ.

— ಸಂಪಾದಕ