ಗಾಲ್ಫ್‌ನಲ್ಲಿ ಸತತ ಆರು ಕಟ್ ತಪ್ಪಿದೆ (ಎರಡು ದಿನದ ಆಟಕ್ಕೇ ಟೂರ್ನಿಯಿಂದ ಹೊರಬಿದ್ದಿದ್ದೇನೆ), ಸ್ವಿಂಗ್ ಬದಲಿಸಬೇಕಾ?

ತೊಂದರೆ ಸ್ವಿಂಗ್‌ನಲ್ಲಿ, ಅಂದರೆ ಕೋಲು ಬೀಸುವ ರೀತಿಯಲ್ಲಿ ಇದ್ದಂತಿಲ್ಲ, ಚಿಕ್ಕ ಪಟ್‌ಗಳಲ್ಲಿದೆ, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತಗಳಲ್ಲಿ. ನಾಲ್ಕು ಅಡಿಯ ಪಟ್‌ಗೆ ಬಲಗೈ ತಾನಾಗಿ ಎಳೆಯುತ್ತದೆ ಅಂದಿದ್ದೀರಲ್ವಾ, ಅದು ಯಿಪ್ಸ್ (ಪಟ್ ಹೊಡೆಯುವಾಗ ಕೈ ಮಾತು ಕೇಳದಿರುವ ತೊಂದರೆ) ಲಕ್ಷಣ. ನನ್ನ ಎರಡು ಸೀಸನ್ ಇದರಲ್ಲೇ ಹೋಯಿತು.

ಮೊದಲು ಆ ಆರು ಟೂರ್ನಿಗಳ ಸ್ಕೋರ್‌ಕಾರ್ಡ್ ತೆಗೆಯಿರಿ. ಟೀ (ಮೊದಲ ಹೊಡೆತ), ಅಪ್ರೋಚ್ (ಕುಳಿಯಿರುವ ಹಸಿರಿನತ್ತ ಹೊಡೆತ), ಚಿಪ್ (ಹಸಿರಿನ ಪಕ್ಕದಿಂದ ಚಿಕ್ಕ ಹೊಡೆತ), ಪಟ್, ಎಲ್ಲಿ ಎಷ್ಟು ಸ್ಟ್ರೋಕ್ ಹೋಯಿತು ಎಂದು ಬರೆಯಿರಿ. ನೆನಪನ್ನು ನಂಬಬೇಡಿ, ಅದರಲ್ಲಿ ಟೀಯಿಂದ ಹೊಡೆದ ಕೆಟ್ಟ ಡ್ರೈವ್ ಮಾತ್ರ ಉಳಿದಿರುತ್ತದೆ. ಒಂದೆರಡು ಸ್ಟ್ರೋಕ್‌ನಿಂದ ಕಟ್ ತಪ್ಪಿದ್ದರೆ, ಎರಡು ದಿನಕ್ಕೆ ಎರಡು ಚಿಕ್ಕ ಪಟ್ ಅಷ್ಟೇ.

ಪಟ್ ಲೆಕ್ಕವೇ ಜಾಸ್ತಿ ಬಂದರೆ ಹಿಡಿತ ಬದಲಿಸಿ. ಎಡಗೈ ಕೆಳಗಿಟ್ಟು ನೋಡಿ, ಆಗದಿದ್ದರೆ ಕ್ಲಾ ಹಿಡಿತ, ಅಂದರೆ ಬಲಗೈಯನ್ನು ಪಂಜದಂತೆ ಇಟ್ಟು ಹಿಡಿಯುವುದು. ಇದರಲ್ಲಿ ನಾಚಿಕೆ ಏನಿಲ್ಲ. ಜರ್ಮನಿಯ ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್‌ಗೆ ಯಿಪ್ಸ್ ಮತ್ತೆ ಮತ್ತೆ ಕಾಡಿತು. ಅವರು ಹಿಡಿತ ಬದಲಿಸುತ್ತಲೇ ಆಡಿದರು, 1985 ಮತ್ತು 1993ರಲ್ಲಿ ಮಾಸ್ಟರ್ಸ್ ಎಂಬ ದೊಡ್ಡ ಟೂರ್ನಿ ಗೆದ್ದರು. ಉದ್ದದ ಪಟರ್ (ಪಟ್ ಹೊಡೆಯುವ ಕೋಲು) ಕೂಡ ಬಳಸಬಹುದು, ಆದರೆ ಅದನ್ನು ದೇಹಕ್ಕೆ ಆನಿಸಿ ಹೊಡೆಯುವುದಕ್ಕೆ 2016ರಿಂದ ನಿಷೇಧವಿದೆ.

ಇದು ಬರೀ ಒತ್ತಡವೋ ನರದ ತೊಂದರೆಯೋ ಇಲ್ಲಿಂದ ಹೇಳಲಾರೆ. ಅಭ್ಯಾಸದಲ್ಲಿ, ಯಾರೂ ನೋಡದಿದ್ದಾಗಲೂ ಕೈ ಎಳೆದರೆ ನರರೋಗ ತಜ್ಞರನ್ನು ಕಾಣಿ.

ಸ್ವಿಂಗ್ ಮಾತ್ರ ಸೀಸನ್ ಮುಗಿಯುವವರೆಗೆ ಮುಟ್ಟಬೇಡಿ. ಟೂರ್ ಕಾರ್ಡ್ (ಟೂರ್ನಿಗಳಲ್ಲಿ ಆಡುವ ಅರ್ಹತೆ) ಉಳಿಸಿಕೊಳ್ಳುವ ಹೊತ್ತಲ್ಲಿ ಅದು ದುಬಾರಿ ಜೂಜು. ಮುಂದಿನ ವಾರ ಟೂರ್ನಿ ಬಿಟ್ಟು, ಹೊಸ ಹಿಡಿತದಲ್ಲಿ ದಿನಾ ನೂರು ಚಿಕ್ಕ ಪಟ್ ಹೊಡೆಯಿರಿ.